ಅಳಿಸುವ ಮೊದಲು ಲಾಗ್ ಓದಿರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವರಿಗೆ, ಸೇವಾ ಕೇಂದ್ರಗಳಲ್ಲಿ ಕೂರುವವರಿಗೆ, ಐಟಿಐ, ಡಿಪ್ಲೊಮಾ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,



ಈ ಪತ್ರ ಬರೆಯಲು ಕಾರಣ ಒಂದೇ. ಯಾರೋ ಒಬ್ಬರು ಡಬ್ಬಿ ತಂದು ಮೇಜಿನ ಮೇಲಿಟ್ಟು “ನೆಟ್ ಹತ್ತವಲ್ದು ನೋಡ್ರಿ” ಅನ್ನುತ್ತಾರೆ. ನಮ್ಮ ಕಡೆಯ ಅಂಗಡಿಗಳಲ್ಲಿ ಆಗ ಮೊದಲು ಬದಲಾಗುವುದು ಸಿಮ್, ಆಮೇಲೆ ಡಾಂಗಲ್, ಅದಕ್ಕೂ ಬಗ್ಗದಿದ್ದರೆ ಫಾರ್ಮ್ಯಾಟ್. ಫಾರ್ಮ್ಯಾಟ್ ಆದ ಮೇಲೆ ಕೆಲವು ಸಲ ನೆಟ್ ಹತ್ತುತ್ತದೆ, ಕೆಲವು ಸಲ ಇಲ್ಲ. ಹತ್ತಿದ್ದರ ಕಾರಣವೂ ತಿಳಿಯುವುದಿಲ್ಲ, ಹತ್ತದ್ದರ ಕಾರಣವೂ ತಿಳಿಯುವುದಿಲ್ಲ. ತಾನು ಎಲ್ಲಿಯವರೆಗೆ ಹೋದೆ, ಎಲ್ಲಿ ನಿಂತೆ ಎಂದು ಆ ಯಂತ್ರ ಸಾಲು ಸಾಲಾಗಿ ಬರೆದಿಟ್ಟಿದ್ದ ಲಾಗ್ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಎಳೆ ಹರಿದರೆ ರಾಮದುರ್ಗದ ನೇಕಾರ ಇಡೀ ಹಾಸನ್ನು ಕತ್ತರಿಸಿ ಎಸೆಯುವುದಿಲ್ಲ. ಮಗ್ಗ ನಿಲ್ಲಿಸಿ, ಹರಿದ ತುದಿ ಹುಡುಕಿ, ಗಂಟು ಹಾಕಿ ಮುಂದುವರಿಯುತ್ತಾನೆ. ನಾನು ನಿಮ್ಮಿಂದ ಬೇಡುವುದು ಆ ಕಸುಬುದಾರಿಕೆಯನ್ನೇ.

“ಡಯಲ್‌ಅಪ್ ಹೋಗಿ ಎಷ್ಟೋ ವರ್ಷ ಆತಲ್ರಿ, ಈಗ್ಯಾಕ ಅದರ ಮಾತು?” ಎಂದು ಕೇಳಬಹುದು. ಲ್ಯಾಂಡ್‌ಲೈನ್ ಮೋಡೆಮಿನ ಕೀಚಲು ದನಿ ಹೋಯಿತು, ಡಯಲ್ ಮಾಡುವ ಕ್ರಮ ಹೋಗಿಲ್ಲ. ಹೊಲದ ಪಂಪನ್ನು ಊರಲ್ಲಿ ಕುಳಿತು ನೋಡಿಕೊಳ್ಳಲು ಕೂರಿಸಿದ ರಾಸ್ಪ್‌ಬೆರಿ ಪೈ ಇರಲಿ, ಮಳೆ, ಗಾಳಿ ಅಳೆಯಲು ಕಾಲೇಜಿನ ಮಕ್ಕಳು ಕಟ್ಟಿದ ಪೆಟ್ಟಿಗೆ ಇರಲಿ, ಅದಕ್ಕೆ ಚುಚ್ಚಿದ ಯುಎಸ್‌ಬಿ ಡಾಂಗಲ್ ಅಥವಾ ಜಿಎಸ್‌ಎಂ ಮಾಡ್ಯೂಲಿಗೆ ಅರ್ಥವಾಗುವುದು ‘ಎಟಿ’ಯಿಂದ ಶುರುವಾಗುವ ಆದೇಶಗಳು. ಹೇಯ್ಸ್ ಕಂಪನಿ 1981ರಲ್ಲಿ ತನ್ನ ಸ್ಮಾರ್ಟ್‌ಮೋಡೆಮ್‌ಗಾಗಿ ರೂಪಿಸಿದ ಆದೇಶಗಳ ಸಂತತಿ ಅದು. ಲಿನಕ್ಸ್ ಕಡೆಯಿಂದ ಅದರೊಡನೆ ಮಾತಾಡುವ ಜೋಡಿಯೂ ಹಳೆಯದೇ: ಪಿಪಿಪಿಡಿ ಮತ್ತು ಚಾಟ್. ಅವು ನಡೆದುಕೊಳ್ಳುವ ಪಿಪಿಪಿ ನಿಯಮ 1994ರ ಜುಲೈನಲ್ಲಿ ಆರ್‌ಎಫ್‌ಸಿ 1661 ಆಗಿ ಪ್ರಕಟವಾಯಿತು. ಈಚಿನ 4ಜಿ ಡಾಂಗಲ್‌ಗಳಲ್ಲಿ ಬಹಳಷ್ಟು ತಾವೇ ನೆಟ್‌ವರ್ಕ್ ಕಾರ್ಡಿನಂತೆ ಕಾಣಿಸಿಕೊಳ್ಳುತ್ತವೆ, ಅವಕ್ಕೆ ಈ ಜೋಡಿ ಬೇಕಿಲ್ಲ. ಆದರೆ ಹೊಲದಲ್ಲಿ, ಗೋದಾಮಿನಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ ವರ್ಷಗಟ್ಟಲೆ ಬಿದ್ದಿರುವ ಪೆಟ್ಟಿಗೆಗಳು ಇನ್ನೂ ಡಯಲ್ ಮಾಡುತ್ತಲೇ ಇವೆ. ಅವು ಕೆಟ್ಟಾಗ ಬರುವುದು ನಿಮ್ಮ ಅಂಗಡಿಗೇ.

ಈ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ ಎಂಬುದನ್ನು ಕಿತ್ತೂರಿನವರು ಮೊದಲು ತಿಳಿಯಬೇಕು. 1984ರ ಆಗಸ್ಟಿನಲ್ಲಿ ಭಾರತ ಸರ್ಕಾರ ಸಿ-ಡಾಟ್ ಸಂಸ್ಥೆಯನ್ನು ಕಟ್ಟಿ, 36 ತಿಂಗಳಲ್ಲಿ, 36 ಕೋಟಿ ರೂಪಾಯಿಯಲ್ಲಿ ದೇಶದ್ದೇ ಆದ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿಕೊಡಿ ಎಂದು ಕೇಳಿತು. ಸ್ಯಾಮ್ ಪಿಟ್ರೋಡಾ, ಜಿ. ಬಿ. ಮೀಮಾಂಸಿ ಅವರ ಮುಂದಾಳುತನದಲ್ಲಿ ತರುಣ ಎಂಜಿನಿಯರುಗಳು ಹಳ್ಳಿಗಾಗಿ ಮಾಡಿದ್ದು 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜ್, ಎಲ್ಲರ ಬಾಯಲ್ಲಿ ‘ರಾಕ್ಸ್’. ಹೊರದೇಶದ ಎಕ್ಸ್‌ಚೇಂಜುಗಳು ಎಸಿ ಕೋಣೆ ಕೇಳುತ್ತಿದ್ದ ಕಾಲದಲ್ಲಿ ಇದು ಎಸಿಯಿಲ್ಲದೆ, ನಮ್ಮ ಬಿಸಿಲು ಧೂಳಿನಲ್ಲಿ ನಡೆಯುವಂತೆ ಕಟ್ಟಿದ ಯಂತ್ರ. ಆ ರಾಕ್ಸ್ ಮೊಟ್ಟಮೊದಲು ಕೆಲಸಕ್ಕೆ ನಿಂತದ್ದು 1986ರ ಜುಲೈನಲ್ಲಿ, ಕಿತ್ತೂರಿನಲ್ಲಿ. ಕಿತ್ತೂರು ಎಂದರೆ ಚೆನ್ನಮ್ಮ, 1824ರ ಅಕ್ಟೋಬರ್ 23, ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೋಲು ಎಂದು ಶಾಲೆಯಲ್ಲಿ ಕಲಿಸುತ್ತೇವೆ, ಕಲಿಸಲೇಬೇಕು. ದೇಶದ್ದೇ ಆದ ಹಳ್ಳಿ ಡಿಜಿಟಲ್ ಎಕ್ಸ್‌ಚೇಂಜಿನ ಚರಿತ್ರೆಯೂ ಅದೇ ಊರಿನಿಂದ ಶುರುವಾಯಿತು ಎಂದು ಕಿತ್ತೂರು ಉತ್ಸವದ ವೇದಿಕೆಯಲ್ಲಿ ಒಮ್ಮೆಯಾದರೂ ಹೇಳಬೇಕು ಎಂಬುದು ನನ್ನ ಬಹುದಿನದ ಆಸೆ.

ಆ ಎಕ್ಸ್‌ಚೇಂಜುಗಳ ಬೆನ್ನಿಗೇ ಎಸ್‌ಟಿಡಿ ಬೂತುಗಳು ಬಂದವು. ಎಸ್‌ಟಿಡಿ ಕೋಡ್ ಬೈಲಹೊಂಗಲ, ಕಿತ್ತೂರಿಗೆ 08288, ಸವದತ್ತಿಗೆ 08330, ರಾಮದುರ್ಗಕ್ಕೆ 08335. ಅಂಗಡಿ ಬೋರ್ಡುಗಳ ಮೇಲೆ ಈ ಸಂಖ್ಯೆಗಳು ಇಂದಿಗೂ ಉಳಿದಿವೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಅದು ಮಹಾನಗರಗಳ ಮಾತಾಗಿತ್ತು. 2000ದ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಹುಟ್ಟಿ, ತನ್ನ ನೆಟ್ ಸೇವೆ ಸಂಚಾರ್‌ನೆಟ್‌ಗೆ 172222, ಖಾತೆ ತೆರೆಯದೆ ಫೋನ್ ಬಿಲ್ಲಿಗೇ ಸೇರಿಸುವ ನೆಟ್‌ಒನ್‌ಗೆ 172233 ಎಂದು ಸಂಖ್ಯೆ ಕೊಟ್ಟ ಮೇಲೆ ಸ್ಥಳೀಯ ಕರೆಯ ದರದಲ್ಲಿ ನೆಟ್ ನೋಡುವುದು ತಾಲ್ಲೂಕಿನ ಊರುಗಳಿಗೂ ಸಾಧ್ಯವಾಯಿತು. ಆ ಕಾಲದಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ ಬೇರೆ ದಾರಿಯೇ ಇರಲಿಲ್ಲ: ಸ್ಕ್ರಿಪ್ಟ್ ಬರೆಯಬೇಕು, ಕೆಟ್ಟರೆ ಲಾಗ್ ಓದಬೇಕು. ಅಂದು ಕಲಿತದ್ದರಲ್ಲಿ ಇಂದಿಗೂ ನಿಮಗೆ ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ.

ಚಾಟ್ ಸ್ಕ್ರಿಪ್ಟಿನಲ್ಲಿ ಇರುವುದು ಎರಡೇ ಕೆಲಸ, ಕಾಯುವುದು ಮತ್ತು ಕಳಿಸುವುದು. ಏನೂ ಕಾಯದೆ ‘ಎಟಿಜೆಡ್’ ಕಳಿಸು. ‘ಓಕೆ’ ಬರುವವರೆಗೆ ಕಾಯಿ. ಬಂದರೆ ‘ಎಟಿಡಿಟಿ 172222’ ಕಳಿಸು. ‘ಕನೆಕ್ಟ್’ ಬರುವವರೆಗೆ ಕಾಯಿ. ಬಂದರೆ ಲೈನನ್ನು ಪಿಪಿಪಿಡಿಯ ಕೈಗೆ ಕೊಟ್ಟು ಹೊರಗೆ ಹೋಗು. ಡಾಂಗಲ್ ಆದರೆ 172222ರ ಜಾಗದಲ್ಲಿ ಸ್ಟಾರ್ 99 ಹ್ಯಾಶ್ ಬರುತ್ತದೆ, ಹಳೆಯ ಸಿಡಿಎಂಎ ಫೋನಿಗೆ ಹ್ಯಾಶ್ 777 ಇರುತ್ತಿತ್ತು. ಕಾಯುವ ಮಾತು ಬಾರದಿದ್ದರೆ ಚಾಟ್ ಸುಮ್ಮನೆ 45 ಸೆಕೆಂಡ್ ಕೂತು ಸೋಲು ಒಪ್ಪುತ್ತದೆ. ಹಾಗೆ ಕೂರದೆ ತಕ್ಷಣ ಹೊರಬರಲಿ ಎಂದು ಸ್ಕ್ರಿಪ್ಟಿನ ತಲೆಯಲ್ಲಿ ‘ಅಬಾರ್ಟ್’ ಸಾಲುಗಳನ್ನು ಬರೆಯುತ್ತೇವೆ: ‘ಬಿಜಿ’, ‘ನೋ ಕ್ಯಾರಿಯರ್’, ‘ನೋ ಡಯಲ್‌ಟೋನ್’ ಎಂದು ಮೋಡೆಮ್ ಹೇಳಿದರೆ ನಿಲ್ಲಿಸು ಎಂದು.

ಬಹಳ ಜನ ಗಮನಿಸದ ಒಂದು ಸೌಲಭ್ಯ ಇಲ್ಲಿದೆ. ಚಾಟ್ ಹೊರಬರುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಎಲ್ಲ ಸರಿ. 3 ಆದರೆ ಕಾದ ಮಾತು ಬರಲೇ ಇಲ್ಲ. 4 ಆದರೆ ನೀವು ಬರೆದ ಮೊದಲ ಅಬಾರ್ಟ್ ಮಾತು ಬಂತು, 5 ಆದರೆ ಎರಡನೆಯದು, 6 ಆದರೆ ಮೂರನೆಯದು, ಹೀಗೆ. ಅಂದರೆ ಅಬಾರ್ಟ್ ಸಾಲುಗಳನ್ನು ಎಲ್ಲ ಗಿರಾಕಿಗಳ ಯಂತ್ರದಲ್ಲೂ ಒಂದೇ ಕ್ರಮದಲ್ಲಿ ಬರೆದಿಟ್ಟರೆ, ಫೋನಿನಲ್ಲಿ ಸಂಖ್ಯೆ ಕೇಳಿಯೇ ಲೈನ್ ಬಿಜಿಯೋ, ಡಯಲ್‌ಟೋನ್ ಇಲ್ಲವೋ ಎಂದು ಅಂಗಡಿಯಲ್ಲಿ ಕುಳಿತೇ ಹೇಳಬಹುದು. ಮುನವಳ್ಳಿಯಿಂದಲೋ ಸುರೇಬಾನದಿಂದಲೋ ಡಬ್ಬಿ ಹೊತ್ತು ಬಸ್ಸು ಹತ್ತುವ ಕಷ್ಟ ಆ ಗಿರಾಕಿಗೆ ತಪ್ಪುತ್ತದೆ.

ಪಿಪಿಪಿಡಿಗೂ ಇಂಥ ಸಂಖ್ಯೆಗಳಿವೆ. 7 ಎಂದರೆ ಪೋರ್ಟನ್ನೇ ತೆರೆಯಲು ಆಗಲಿಲ್ಲ. 8 ಎಂದರೆ ಚಾಟ್ ಸೋತಿತು, ಅದರ ಸಂಖ್ಯೆ ನೋಡಿ. 10 ಎಂದರೆ ಡಯಲ್ ಆಯಿತು, ಆದರೆ ಎರಡು ತುದಿಗಳ ನಡುವೆ ಮಾತುಕತೆ ಕುದುರಲಿಲ್ಲ. 16 ಎಂದರೆ ಮೋಡೆಮ್ ಲೈನ್ ಬಿಟ್ಟಿತು. 19 ಎಂದರೆ ಬಳಕೆದಾರ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ. 19 ಬಂದಾಗ ಸಿಮ್ ಬದಲಿಸುವುದು, 7 ಬಂದಾಗ ಟವರ್ ಬೈಯುವುದು, ಎರಡೂ ವ್ಯರ್ಥ.

ವಿವರ ಬೇಕಾದರೆ ಲಾಗ್‌ಗೆ ಬಾಯಿ ಬಿಡಿಸಬೇಕು. ಪಿಪಿಪಿಡಿಯ ಪೀರ್ಸ್ ಫೋಲ್ಡರಿನ ಫೈಲಿನಲ್ಲಿ ‘ಡಿಬಗ್’ ಎಂಬ ಒಂದು ಪದ ಸೇರಿಸಿ, ಚಾಟ್ ಆದೇಶಕ್ಕೆ ‘ಹೈಫನ್ ವಿ’ ಸೇರಿಸಿ. ‘ನೋಡಿಟ್ಯಾಚ್’ ಎಂದೂ ಸೇರಿಸಿದರೆ ನಡೆಯುವುದೆಲ್ಲ ಪರದೆಯ ಮೇಲೆಯೇ ಹರಿಯುತ್ತದೆ. ಡೆಬಿಯನ್ ಕುಟುಂಬದ ಲಿನಕ್ಸಿನಲ್ಲಿ ‘ಪಾನ್’ ಎಂದರೆ ಕರೆ ಶುರು, ‘ಪಾಫ್’ ಎಂದರೆ ಬಂದ್, ‘ಪಿಲಾಗ್’ ಎಂದರೆ ಲಾಗಿನ ಕೊನೆಯ ಸಾಲುಗಳು. ಒಂದು ಎಚ್ಚರ: ಪಿಪಿಪಿಡಿ ತಾನಾಗಿ ಪಾಸ್‌ವರ್ಡ್ ಮರೆಮಾಡುತ್ತದೆ, ಚಾಟ್ ಮಾಡುವುದಿಲ್ಲ. ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಇದ್ದರೆ ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಮತ್ತು ಕ್ಯೂ ಬರೆಯಿರಿ, ಆಗ ಲಾಗಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಕಾಣುತ್ತವೆ. ಗಿರಾಕಿಯ ಲಾಗನ್ನು ಬೇರೆಯವರಿಗೆ ತೋರಿಸುವ ಮೊದಲು ಇದನ್ನು ನೋಡಿಕೊಳ್ಳುವುದು ಕಸುಬಿನ ಮರ್ಯಾದೆ.

ಈಗ ಲಾಗನ್ನು ಮೇಲಿನಿಂದ ಕೆಳಗೆ ಓದುತ್ತ ಬನ್ನಿ. ಹುಡುಕಬೇಕಾದ್ದು ಸರಿಯಾಗಿ ನಡೆದ ಕೊನೆಯ ಹೆಜ್ಜೆಯನ್ನು. ತೊಂದರೆ ಅದರ ಮುಂದಿನ ಹೆಜ್ಜೆಯಲ್ಲಿದೆ.

‘ಎಟಿಜೆಡ್’ಗೆ ‘ಓಕೆ’ಯೇ ಬಾರದಿದ್ದರೆ ಮಾತು ಮೋಡೆಮಿನವರೆಗೆ ತಲುಪಿಲ್ಲ. ಪೋರ್ಟಿನ ಹೆಸರು ತಪ್ಪಿರಬಹುದು. ಒಂದೇ ಡಾಂಗಲ್ ಮೂರು ನಾಲ್ಕು ಟಿಟಿವೈ ಯುಎಸ್‌ಬಿ ಪೋರ್ಟುಗಳನ್ನು ತೋರಿಸುವುದುಂಟು, ಅವುಗಳಲ್ಲಿ ಡಯಲ್‌ಗೆ ಒಗ್ಗುವುದು ಎಲ್ಲವೂ ಅಲ್ಲ. ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ಸಿಡಿ ಡ್ರೈವಿನ ವೇಷದಲ್ಲಿ ಕೂರುತ್ತವೆ, ಅವನ್ನು ಎಬ್ಬಿಸಲು ಯುಎಸ್‌ಬಿ ಮೋಡ್‌ಸ್ವಿಚ್ ಬೇಕು. ಬಳಕೆದಾರ ‘ಡಯಲ್‌ಔಟ್’ ಗುಂಪಿನಲ್ಲಿಲ್ಲದಿದ್ದರೆ ಪೋರ್ಟ್ ತೆರೆಯದು. ಹಿಂದಿನ ಸಲ ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಪ್ರೋಗ್ರಾಂ ಬಿಟ್ಟುಹೋದ ಲಾಕ್ ಫೈಲ್ ಕೂಡ ಅಡ್ಡ ಬರುತ್ತದೆ. ನಮ್ಮ ಕಡೆ ಕರೆಂಟ್ ಹೋಗುವ ರೀತಿ ನಿಮಗೆ ಹೇಳಬೇಕಾಗಿಲ್ಲ.

ಲ್ಯಾಂಡ್‌ಲೈನ್ ಆದರೆ, ‘ನೋ ಡಯಲ್‌ಟೋನ್’ ಎಂದ ಕೂಡಲೇ ಮೋಡೆಮಿಗೆ ಕೈ ಹಾಕಬೇಡಿ. ಮೊದಲು ಫೋನ್ ಎತ್ತಿ ಕಿವಿಗೊಟ್ಟು ಕೇಳಿ. ಟೋನ್ ಇದ್ದೂ ಮೋಡೆಮ್ ಗುರುತಿಸದಿದ್ದರೆ ‘ಎಟಿ ಎಕ್ಸ್ 3’ ಕೊಟ್ಟರೆ ಅದು ಟೋನ್‌ಗಾಗಿ ಕಾಯದೆ ಡಯಲ್ ಮಾಡುತ್ತದೆ. ಗರಗರ ಸದ್ದಿದ್ದರೆ ಎರೆಮಣ್ಣಿನಡಿ ಎಲ್ಲೋ ಕೇಬಲ್ ಜಾಯಿಂಟಿಗೆ ನೀರಿಳಿದಿರಬಹುದು, ಅದನ್ನು ಯಾವ ಸ್ಕ್ರಿಪ್ಟೂ ಸರಿಮಾಡದು, ಲೈನ್‌ಮನ್ ಬರಬೇಕು. 56 ಕೆ ಮೋಡೆಮ್ ಹಾಕಿಯೂ 33.6 ಕೆಗಿಂತ ಮೇಲೆ ಹೋಗುತ್ತಿಲ್ಲ ಎಂಬ ದೂರಿಗೂ ಕಾರಣ ಲೈನಿನಲ್ಲೇ ಇತ್ತು. 1998ರ ವಿ.90 ನಿಯಮಕ್ಕೆ ಸೇವೆ ಕೊಡುವವರ ಕಡೆಯಿಂದ ನಿಮ್ಮ ಎಕ್ಸ್‌ಚೇಂಜಿನವರೆಗೆ ಡಿಜಿಟಲ್ ದಾರಿ ಬೇಕು; ನಡುವೆ ಒಂದು ಕಡೆ ಅನಲಾಗ್ ಬಂದರೂ ವೇಗ ಬೀಳುತ್ತದೆ. ರೋಹಿಣಿ ಮಳೆಯ ಸಿಡಿಲಿಗೆ ಸುಟ್ಟ ಮೋಡೆಮುಗಳ ಮಾತು ಬೇರೆ, ಅವುಗಳಿಗೆ ಲಾಗ್ ಇರುವುದಿಲ್ಲ.

ಡಾಂಗಲ್ ಆದರೆ ಡಯಲ್ ಮಾಡುವ ಮೊದಲೇ ಅದನ್ನು ಮೂರು ಪ್ರಶ್ನೆ ಕೇಳಬಹುದು. ಸಿಪಿಐಎನ್ ಕೇಳಿದರೆ ‘ರೆಡಿ’ ಅನ್ನಬೇಕು, ಇಲ್ಲವೆಂದರೆ ಸಿಮ್‌ಗೆ ಪಿನ್ ಇದೆ ಅಥವಾ ಸಿಮ್ ಸರಿಯಾಗಿ ಕೂತಿಲ್ಲ. ಸಿಎಸ್‌ಕ್ಯೂ ಕೇಳಿದರೆ ಸೊನ್ನೆಯಿಂದ 31ರವರೆಗೆ ಸಿಗ್ನಲ್ ಹೇಳುತ್ತದೆ, 99 ಎಂದರೆ ಗೊತ್ತಿಲ್ಲ ಎಂದು. ಸಿಆರ್‌ಇಜಿ ಕೇಳಿದಾಗ ಬರುವ ಎರಡನೆಯ ಅಂಕಿ 1 ಅಥವಾ 5 ಆದರೆ ನೆಟ್‌ವರ್ಕ್ ಸೇರಿದೆ, 2 ಆದರೆ ಇನ್ನೂ ಹುಡುಕುತ್ತಿದೆ, 3 ಆದರೆ ನೆಟ್‌ವರ್ಕ್ ಸೇರಿಸಿಕೊಳ್ಳಲು ಒಪ್ಪಿಲ್ಲ. ಮೂರೂ ಸರಿಯಿದ್ದು ಡಯಲ್ ಸೋತರೆ ಎಪಿಎನ್ ನೋಡಿ. ಬಿಎಸ್‌ಎನ್‌ಎಲ್ ಸಿಮ್ ತೆಗೆದು ಏರ್‌ಟೆಲ್ ಹಾಕಿ, ಸ್ಕ್ರಿಪ್ಟಿನಲ್ಲಿ ‘ಬಿಎಸ್‌ಎನ್‌ಎಲ್‌ನೆಟ್’ ಎಂದೇ ಬಿಟ್ಟ ಯಂತ್ರಗಳು ಈ ಕಾರಣಕ್ಕೇ ಅಂಗಡಿಗೆ ಬರುತ್ತವೆ.

‘ಕನೆಕ್ಟ್’ ಬಂದ ಮೇಲಿನ ಹೆಜ್ಜೆಯಲ್ಲೇ ಹೆಚ್ಚು ಜನ ದಾರಿ ತಪ್ಪುವುದು. ಹಳೆಯ ಶೆಲ್ ಖಾತೆಗಳ ಕಾಲದಲ್ಲಿ ಆ ತುದಿಯ ಯಂತ್ರ ಲಾಗಿನ್ ಕೇಳುತ್ತಿತ್ತು, ಅದಕ್ಕಾಗಿ ಸ್ಕ್ರಿಪ್ಟು ‘ಓಗಿನ್’ ಎಂಬ ಮಾತಿಗೆ ಕಾಯುತ್ತಿತ್ತು. ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಎಂಬ ಗೊಂದಲ ತಪ್ಪಿಸಲು ಆ ಅಕ್ಷರವನ್ನೇ ಬಿಡುವ ಜಾಣತನ ಅದು. ಆಮೇಲೆ ಹೆಸರು, ಪಾಸ್‌ವರ್ಡ್ ಕೇಳುವ ಕೆಲಸ ಪಿಪಿಪಿಯ ಒಳಗೇ, ಪ್ಯಾಪ್ ಅಥವಾ ಚ್ಯಾಪ್ ಹೆಸರಿನಲ್ಲಿ ನಡೆಯತೊಡಗಿತು. ಹಳೆಯ ಸ್ಕ್ರಿಪ್ಟನ್ನೇ ನಕಲು ಮಾಡಿದವರ ಯಂತ್ರ ಎಂದೂ ಬಾರದ ಮಾತಿಗೆ 45 ಸೆಕೆಂಡ್ ಕಾದು 3 ಎಂದು ಹೇಳಿ ಹೊರಬರುತ್ತದೆ. ಆ ಹೊತ್ತಿನಲ್ಲಿ ಲಾಗಿನಲ್ಲಿ ತರಂಗ ಗೆರೆ, ಮುಚ್ಚುವ ಪುಷ್ಪಾವರಣ, ಅರ್ಥವಿಲ್ಲದ ಅಕ್ಷರಗಳ ಸಾಲು ಕಂಡರೆ ಅದನ್ನು ಕಸ ಎಂದುಕೊಳ್ಳಬೇಡಿ. ಆ ತುದಿ ಪಿಪಿಪಿ ಮಾತಾಡಲು ಶುರುಮಾಡಿದೆ, ನಮ್ಮ ಸ್ಕ್ರಿಪ್ಟೇ ಇನ್ನೂ ಬಾಗಿಲಲ್ಲಿ ನಿಂತಿದೆ ಎಂದರ್ಥ. ಲಾಗಿನ್ ಸಾಲುಗಳನ್ನು ತೆಗೆದು, ಹೆಸರು ಪಾಸ್‌ವರ್ಡನ್ನು ಪ್ಯಾಪ್ ಸೀಕ್ರೆಟ್ಸ್ ಫೈಲಿಗೆ ಹಾಕಿದರೆ ಕೆಲಸ ಮುಗಿಯಿತು. ಆ ತುದಿಯೇ ತನ್ನ ಗುರುತು ಹೇಳಲಿ ಎಂದು ನಮ್ಮ ಪಿಪಿಪಿಡಿ ಹಟ ಹಿಡಿದು ಕರೆ ಕಡಿಯುವುದೂ ಉಂಟು, ಅದಕ್ಕೆ ‘ನೋಆಥ್’ ಎಂಬ ಒಂದು ಪದ ಸಾಕು.

ಐಪಿ ವಿಳಾಸ ಬಂದೂ ಪುಟ ತೆರೆಯುವುದಿಲ್ಲವೆಂದರೆ ಎರಡೇ ಅನುಮಾನ. ಡೀಫಾಲ್ಟ್ ರೂಟ್ ಈಗಾಗಲೇ ಬೇರೆ ಕಾರ್ಡಿನ ಕಡೆಗಿದ್ದರೆ ಪಿಪಿಪಿಡಿ ಅದನ್ನು ಬದಲಿಸುವುದಿಲ್ಲ, ಬದಲಿಸಲಿಲ್ಲ ಎಂದು ಲಾಗಿನಲ್ಲಿ ಬರೆದೂ ಇರುತ್ತದೆ. ಇಲ್ಲವೇ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಸಿಕ್ಕಿಲ್ಲ, ಆಗ ‘ಯೂಸ್‌ಪೀರ್‌ಡಿಎನ್‌ಎಸ್’ ಇದೆಯೇ ನೋಡಿ. ಮೊದಲು ಅಂಕಿಯ ವಿಳಾಸಕ್ಕೆ ಪಿಂಗ್ ಮಾಡಿ, ಆಮೇಲೆ ಹೆಸರಿಗೆ ಮಾಡಿ. ಎರಡರಲ್ಲಿ ಯಾವುದು ಎಂದು ನಿಮಿಷದಲ್ಲಿ ತಿಳಿಯುತ್ತದೆ.

ಇನ್ನು ಈ ಕಾಲದ್ದೇ ಆದ ಪೀಡೆಗಳು. ಸ್ಕ್ರಿಪ್ಟನ್ನು ವಾಟ್ಸ್‌ಆಪಿನಲ್ಲಿ, ವರ್ಡ್ ಫೈಲಿನಲ್ಲಿ ಕಳಿಸಬೇಡಿ. ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿಬಿಟ್ಟರೆ ಶೆಲ್‌ಗೆ ಅದು ಅರ್ಥವಾಗದು, ಕಣ್ಣಿಗೆ ಕಾಣುವುದೂ ಕಷ್ಟ. ವಿಂಡೋಸ್ ನೋಟ್‌ಪ್ಯಾಡಿನಲ್ಲಿ ತಿದ್ದಿದ ಫೈಲಿನ ಪ್ರತಿ ಸಾಲಿನ ಕೊನೆಗೂ ಒಂದು ಕಾಣದ ಅಕ್ಷರ ಕೂರಬಹುದು, ‘ಬ್ಯಾಡ್ ಇಂಟರ್‌ಪ್ರಿಟರ್’ ಎಂಬ ದೂರು ಬರುವುದು ಹಾಗೆ. ಕರೆ ಸೇರಿದ ಮೇಲೆ ಓಡಬೇಕಾದ ಸ್ಕ್ರಿಪ್ಟನ್ನು ಡೆಬಿಯನ್ನಿನ ‘ಐಪಿ-ಅಪ್’ ಫೋಲ್ಡರಿಗೆ ಹಾಕುವಾಗ ಹೆಸರಿನಲ್ಲಿ ಚುಕ್ಕೆ ಇಡಬೇಡಿ; ಕೊನೆಗೆ ‘ಡಾಟ್ ಎಸ್‌ಎಚ್’ ಇದ್ದರೆ ಆ ಫೈಲನ್ನು ಯಂತ್ರ ಸದ್ದಿಲ್ಲದೆ ದಾಟಿ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತು ಹೊಲದಲ್ಲಿರುವ ಪೆಟ್ಟಿಗೆಗಳದ್ದು. ‘ಪರ್ಸಿಸ್ಟ್’ ಎಂದು ಬರೆದರೆ ಕರೆ ಕಡಿದಾಗ ಪಿಪಿಪಿಡಿ ಮತ್ತೆ ಮತ್ತೆ ಯತ್ನಿಸುತ್ತದೆ ಎಂದು ನಂಬಿ ಬಿಟ್ಟುಬರುತ್ತೇವೆ. ಆದರೆ ಸತತ 10 ಸಲ ಸೋತರೆ ಅದು ಕೈಚೆಲ್ಲಿ ನಿಲ್ಲುತ್ತದೆ. ‘ಮ್ಯಾಕ್ಸ್‌ಫೇಲ್ 0’ ಎಂದು ಬರೆದರೆ ಮಾತ್ರ ಬಿಡದೆ ಯತ್ನಿಸುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯಲ್ಲಿ ಉಕ್ಕಿ ರಾಮದುರ್ಗದ ಮನೆ, ಮಗ್ಗಗಳಿಗೆ ನುಗ್ಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ಅಂಥ ಹೊತ್ತಿನಲ್ಲಿ ಟವರಿಗೆ ಕರೆಂಟಿಲ್ಲದೆ ದಿನವಿಡೀ ಬಂದ್ ಆದರೆ, ನದಿ ದಂಡೆಯ ಪೆಟ್ಟಿಗೆ 10 ಸಲ ಯತ್ನಿಸಿ ನಿಂತುಬಿಡುತ್ತದೆ. ಟವರ್ ಮರಳಿ ಬಂದರೂ ಅದು ಏಳುವುದಿಲ್ಲ, ಮಾಹಿತಿ ಅತ್ಯಂತ ಬೇಕಾದಾಗಲೇ ಮೂಕವಾಗಿರುತ್ತದೆ. ಜೊತೆಗೆ ‘ಎಲ್‌ಸಿಪಿ ಎಕೋ’ ಅಂತರವನ್ನು 30 ಸೆಕೆಂಡ್, ಸೋಲಿನ ಮಿತಿಯನ್ನು 4 ಎಂದು ಬರೆಯಿರಿ. ಲೈನ್ ಸತ್ತಿದ್ದೂ ಬದುಕಿದೆ ಎಂದುಕೊಂಡು ಕೂರುವ ಕಾಯಿಲೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನೀವು ಕೂರಿಸಿದ ಪ್ರತಿ ಪೆಟ್ಟಿಗೆಯಲ್ಲೂ ಈ ಸಾಲುಗಳಿವೆಯೇ ಎಂದು ಮುಂದಿನ ಮಳೆಗಾಲಕ್ಕೆ ಮೊದಲು ನೋಡಿ ಬನ್ನಿ.

ಕಾಲೇಜುಗಳಲ್ಲಿ, ಐಟಿಐಗಳಲ್ಲಿ ಕಲಿಸುವ ಗುರುಗಳಿಗೂ ಒಂದು ಮಾತು. ಸರಿಯಾದ ಸ್ಕ್ರಿಪ್ಟ್ ಬರೆಸಿ ಅಂಕ ಕೊಡುತ್ತೀರಿ. ಬೇಕೆಂದೇ ಕೆಡಿಸಿದ ಸ್ಕ್ರಿಪ್ಟನ್ನೂ ಅದರ ಲಾಗನ್ನೂ ಮಕ್ಕಳ ಮುಂದಿಟ್ಟು ಎಲ್ಲಿ ನಿಂತಿತು ಎಂದು ಕೇಳಿ. ನಮ್ಮ ಊರಿನ ಹುಡುಗಿಯೊಬ್ಬಳು ಲಾಗ್ ಓದಿ ಇಲ್ಲಿಯೇ ದೋಷ ಎಂದು ಬೆರಳಿಟ್ಟು ತೋರಿಸಿದರೆ ಅವಳಿಗೆ ಪುಣೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರೂ ಹಳ್ಳಿಯವಳು ಎಂದು ಕೆಲಸ ನಿರಾಕರಿಸಲಾರರು.

ಅಂಗಡಿಯವರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಪ್ರತಿ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ಡಬ್ಬಿ ಬಂದ ತಾರೀಖು, ಸಿಮ್ ಯಾವುದು, ಲಾಗಿನ ಕೊನೆಯ ಸಾಲು, ಬಂದ ಸಂಖ್ಯೆ, ನೀವು ಬದಲಿಸಿದ್ದು, ಆಮೇಲೆ ಆದದ್ದು, ಇವನ್ನು ಕನ್ನಡದಲ್ಲೇ ಬರೆಯಿರಿ. ಬೈಲಹೊಂಗಲದಲ್ಲಿ ಒಬ್ಬರು ಬಿಡಿಸಿದ ಗಂಟನ್ನು ಸವದತ್ತಿಯಲ್ಲಿ ಇನ್ನೊಬ್ಬರು ಮೊದಲಿನಿಂದ ಬಿಡಿಸುವಂತಾಗಬಾರದು. ತಿಂಗಳಿಗೊಮ್ಮೆ ನಾಲ್ಕೂ ಊರಿನವರು ಆ ಪುಟಗಳನ್ನು ಅದಲುಬದಲು ಮಾಡಿಕೊಳ್ಳಿ. ನಾಳೆ ಬರುವ ಮೊದಲ ಡಬ್ಬಿಯಿಂದಲೇ ಶುರುಮಾಡಿ: ಸಿಮ್‌ಗೆ ಕೈ ಹಾಕುವ ಮೊದಲು ಲಾಗ್ ತೆರೆಯಿರಿ, ಕೊನೆಯ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿರಿ.

ಇಂತಿ,
ನಿಮ್ಮ ಸೀಮೆಯವನೇ ಆದ ಒಬ್ಬ ಹಳೆಯ ಮೋಡೆಮ್ ರಿಪೇರಿಗಾರ